ವಿಡಾಲ್ ಚೀಟಿ ಸಾಕು, ಮಕ್ಕಳಿಗೆ ಬ್ಲಡ್ ಕಲ್ಚರ್ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಸಣ್ಣ ತಾಲೂಕು ಊರಿನ ಒಬ್ಬ ತಾಯಿ. ನಾನು ಕೇಳುವುದು ಒಂದೇ. ಜ್ವರ, ಹೊಟ್ಟೆನೋವು ಅಂತ ಬರುವ ಮಕ್ಕಳಿಗೆ ಬರೀ ವಿಡಾಲ್ ಟೆಸ್ಟ್ ನೋಡಿ ಟೈಫಾಯ್ಡ್ ಅಂತ ಬರೆಯುವುದನ್ನು ನಿಲ್ಲಿಸಿ. ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ರಕ್ತ ತೆಗೆಯುವ ವ್ಯವಸ್ಥೆ ಮಾಡಿ. ಈ ಮಾತನ್ನು ಸಿಕ್ಕ ಸಿಕ್ಕವರಿಗೆಲ್ಲ ಹೇಳಿ ಸಾಕಾಗಿದೆ, ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಏಳು ವರ್ಷ. ಹೋದ ಮಳೆಗಾಲದಲ್ಲಿ ಜ್ವರ ಶುರುವಾಯಿತು. ಸಂಜೆಯಾದರೆ ಮೈ ಬಿಸಿ, ಬೆಳಗ್ಗೆ ಏನೂ ಇಲ್ಲ. ಹೊಕ್ಕುಳ ಸುತ್ತ ನೋವು ಅನ್ನುತ್ತಿದ್ದಳು. ಒಂದಷ್ಟು ದಿನ ಭೇದಿ, ಆಮೇಲೆ ಮೋಷನ್ನೇ ಇಲ್ಲ. ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಪಕ್ಕದ ಲ್ಯಾಬಿನ ಹುಡುಗ ನಮ್ಮ ಕಣ್ಣೆದುರೇ ಗಾಜಿನ ಪಟ್ಟಿಯ ಮೇಲೆ ಒಂದೊಂದು ಹನಿ ಬಿಟ್ಟು, ನೀಲಿ ದ್ರವ ಒಂದು ಕಡೆ, ಕೆಂಪು ಇನ್ನೊಂದು ಕಡೆ ಬೆರೆಸಿ, ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲಾಡಿಸಿದ. ಸಣ್ಣ ಸಣ್ಣ ಹರಳು ಕಂಡವು. 'ಪಾಸಿಟಿವ್ ಮೇಡಂ' ಅಂದ. ಅಷ್ಟೇ, ಮಗುವಿನ ಕೈಗೆ ಸೂಜಿ ಚುಚ್ಚಿ ಇಂಜೆಕ್ಷನ್ ಶುರು.

ಜ್ವರ ಬಿಟ್ಟಿತು, ಮತ್ತೆ ಬಂತು. ಮತ್ತೆ ಅದೇ ಟೆಸ್ಟ್, ಮತ್ತೆ ಪಾಸಿಟಿವ್, 'ಟೈಫಾಯ್ಡ್ ಮರುಕಳಿಸಿದೆ' ಅಂದರು. ಇಂಜೆಕ್ಷನ್ ಮುಗಿದ ಮೇಲೆ ಆಫ್ಲಾಕ್ಸಾಸಿನ್ ಅನ್ನುವ ಆಂಟಿಬಯಾಟಿಕ್ ಸಿರಪ್. ಹೀಗೇ ತಿಂಗಳುಗಳು ಕಳೆದವು. ಮಗು ಇಳಿದು ಹೋಯಿತು, ಯೂನಿಫಾರ್ಮ್ ಸ್ಕರ್ಟ್ ಸೊಂಟದಲ್ಲಿ ನಿಲ್ಲದೆ ಪಿನ್ ಹಾಕಿ ಕಳಿಸುತ್ತಿದ್ದೆ. ಹೊಟ್ಟೆ ಮಾತ್ರ ಉಬ್ಬಿಕೊಂಡೇ ಇತ್ತು.

ವಿಡಾಲ್ ಬಗ್ಗೆ ನಿಮಗೆ ನಾನು ಹೇಳಬೇಕಾ? 1896ರಲ್ಲಿ ಬಂದ ಪರೀಕ್ಷೆ ಅದು. ಅದು ರೋಗಾಣುವನ್ನು ಹುಡುಕುವುದಿಲ್ಲ, ರೋಗಾಣು ವಿರುದ್ಧ ದೇಹ ಮಾಡಿಕೊಂಡು ರಕ್ತದಲ್ಲಿರುವ ಪ್ರತಿಕಾಯ ನೋಡುತ್ತದೆ. ನಮ್ಮಂಥ ಕಡೆ, ಎಂದೋ ಕುಡಿದ ಕೊಳಕು ನೀರಿನಿಂದ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ತೋರಿಸಬಹುದು. ಬೇರೆ ಜ್ವರದಲ್ಲೂ ತೋರಿಸಬಹುದು. ಟೈಫಾಯ್ಡ್ ವಾಸಿಯಾಗಿ ತಿಂಗಳುಗಳಾದ ಮೇಲೂ ತೋರಿಸಬಹುದು. ಹಾಗಿರುವಾಗ ಎರಡನೇ ಸಲ ಪಾಸಿಟಿವ್ ಬಂತು ಅಂದರೆ ಅದರಿಂದ ಗೊತ್ತಾಗುವುದಾದರೂ ಏನು? ಖಚಿತವಾಗಿ ಹೇಳುವುದು ಬ್ಲಡ್ ಕಲ್ಚರ್ ಅಂತ ಡಾಕ್ಟರುಗಳು ಓದುವ ಪುಸ್ತಕದಲ್ಲೇ ಇದೆ. ಅದೂ ಸುಮಾರು ಅರ್ಧದಷ್ಟು ಕೇಸ್‌ಗಳನ್ನು ಮಾತ್ರ ಹಿಡಿಯುತ್ತದೆ, ಒಪ್ಪುತ್ತೇನೆ. ಅದಕ್ಕೇ ಆಂಟಿಬಯಾಟಿಕ್ ಕೊಡುವ ಮುಂಚೆ, ಸಾಕಷ್ಟು ರಕ್ತ ತೆಗೆಯಬೇಕು. ಬ್ಯಾಕ್ಟೀರಿಯಾ ಬೆಳೆದರೆ ಯಾವ ಔಷಧಿ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಟೈಫಾಯ್ಡ್‌ಗೆ ಸಿಪ್ರೋಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ಹೆಚ್ಚಿನ ಕಡೆ ನಾಟುತ್ತಿಲ್ಲ ಅನ್ನುವುದು ನಿಮ್ಮ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ.

ಈಗ ಕಲ್ಚರ್ ಕಥೆ ಕೇಳಿ. ಎಲ್ಲೋ ಓದಿಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ 'ಕಲ್ಚರ್ ಮಾಡಿಸಿ ಸಾರ್' ಅಂತ ಕೇಳಿದೆ. 'ಬಾಟಲಿ ಇಲ್ಲಮ್ಮ, ಹೊರಗೆ ಮಾಡಿಸಿ, ಆದರೆ ಇಂಜೆಕ್ಷನ್ ತಡ ಮಾಡೋದು ಬೇಡ' ಅಂದರು. ಮೊದಲು ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಹೊರಗಿನ ಲ್ಯಾಬಿನವರು ಬಂದು ರಕ್ತ ತೆಗೆದುಕೊಂಡು ಹೋದರು. ವಾರದ ಮೇಲೆ ರಿಪೋರ್ಟ್ ಬಂತು, ಏನೂ ಬೆಳೆದಿಲ್ಲ ಅಂತ. ಆಂಟಿಬಯಾಟಿಕ್ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ಏನು ಬೆಳೆಯಬೇಕಿತ್ತು? ಆ ರಿಪೋರ್ಟ್ ತೋರಿಸಿದರೆ ಡಾಕ್ಟರು ಹೇಳಿದ್ದು ಇದು: 'ಕಲ್ಚರ್ ನೆಗೆಟಿವ್ ಇದ್ರೂ ವಿಡಾಲ್ ಪಾಸಿಟಿವ್ ಇದೆಯಲ್ಲ, ಟೈಫಾಯ್ಡೇ.' ಆವತ್ತು ಆ ವಾರ್ಡಿನಲ್ಲಿ ನಿಂತು ಅತ್ತಿದ್ದೇನೆ. ಕೋಪಕ್ಕೆ ಅತ್ತಿದ್ದು.

ಕೊನೆಗೆ ನೆಂಟರೊಬ್ಬರ ಮಾತು ಕೇಳಿ, ಸಾಲ ಮಾಡಿಕೊಂಡು ದೊಡ್ಡ ಊರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋದೆವು. ಅಲ್ಲಿನ ಮಕ್ಕಳ ಡಾಕ್ಟರು ಹಳೇ ಚೀಟಿಗಳನ್ನೆಲ್ಲ ಸಾಲಾಗಿ ಜೋಡಿಸಿ ತೂಕ ಮಾತ್ರ ನೋಡಿದರು. ಪ್ರತಿ ಚೀಟಿಯಲ್ಲೂ ತೂಕ ಕಡಿಮೆಯಾಗುತ್ತಾ ಬಂದಿತ್ತು. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗಿನ ಗಂಟುಗಳು ಊದಿದ್ದವು, ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗ ದಪ್ಪವಾಗಿತ್ತು. ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು, ಟಿಬಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆಯಾದ ಸಿಬಿನ್ಯಾಟ್‌ಗೆ ಕಳಿಸಿದರು. ಕರುಳಿನ ಟಿಬಿ.

ಟೈಫಾಯ್ಡ್ ಅಂತ ಅಷ್ಟು ದಿನ ಕುಡಿಸಿದ ಆಫ್ಲಾಕ್ಸಾಸಿನ್ ಇದೆಯಲ್ಲ, ಆ ಜಾತಿಯ ಔಷಧಿಗಳು ಟಿಬಿಯನ್ನು ಅರ್ಧಂಬರ್ಧ ತಗ್ಗಿಸಿ ಮರೆಮಾಡುತ್ತವೆ ಅಂತ ಆ ಡಾಕ್ಟರೇ ಹೇಳಿದರು. ಕಾಯಿಲೆ ಒಳಗೆ ಬೆಳೆಯುತ್ತಾ ಇತ್ತು, ನಾವು ಸಿರಪ್ ಅಳೆದು ಅಳೆದು ಕುಡಿಸುತ್ತಾ ಇದ್ದೆವು.

ಇದರ ಮಧ್ಯೆ ಟಿಬಿ ಸರ್ವೆಗೆ ಅಂತ ಆಶಾ ಕಾರ್ಯಕರ್ತೆ ಮನೆಗೂ ಬಂದಿದ್ದರು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಯಾರಿಗಾದರೂ ಇದೆಯಾ ಅಂದರು. ಇಲ್ಲ ಅಂದೆ, ಹೋದರು. ಅವರ ತಪ್ಪೇನಿಲ್ಲ. ಆದರೆ ಕರುಳಿನ ಟಿಬಿಗೆ ಕೆಮ್ಮು ಇರಲೇಬೇಕು ಅಂತಿಲ್ಲ, ಮಕ್ಕಳಿಗೆ ಕಫ ತೆಗೆದುಕೊಡಲೂ ಬರುವುದಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರ, ಹೊಟ್ಟೆ ಉಬ್ಬರ, ಇಳಿಯುವ ತೂಕ ಇದ್ದರೆ ಆ ಮಗುವನ್ನು ಸ್ಕ್ಯಾನಿಂಗ್‌ಗೆ ಕಳಿಸಬೇಕು ಅಂತ ಯಾಕೆ ಒಂದು ಸಾಲು ಸೇರಿಸಬಾರದು?

ಟಿಬಿ ಅಂತ ಗೊತ್ತಾದ ಮೇಲೆ ಸರ್ಕಾರ ಚೆನ್ನಾಗಿಯೇ ನೋಡಿಕೊಂಡಿತು. ಆರು ತಿಂಗಳ ಮಾತ್ರೆ ಪೂರ್ತಿ ಉಚಿತ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಇರುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ. ಮಗು ಈಗ ಊಟ ಮಾಡುತ್ತಿದೆ. ಆದರೆ ರೋಗ ಯಾವುದು ಅಂತ ಗೊತ್ತಾಗುವವರೆಗಿನ ಖರ್ಚೆಲ್ಲ ನಮ್ಮದೇ, ಅಲ್ವಾ? ಮಾತ್ರೆ ಉಚಿತ ಕೊಡುವ ಸರ್ಕಾರಕ್ಕೆ ಒಂದು ಕಲ್ಚರ್ ಬಾಟಲಿ ಭಾರವಾಯಿತೇ?

ಉಚಿತ ಪರೀಕ್ಷೆಗಳ ರಾಷ್ಟ್ರೀಯ ಯೋಜನೆಯಲ್ಲಿ ತಾಲೂಕು ಮಟ್ಟದ ಆಸ್ಪತ್ರೆಗೆ 111, ಜಿಲ್ಲಾ ಆಸ್ಪತ್ರೆಗೆ 134 ಪರೀಕ್ಷೆ ಅಂತ ಇದೆ, ಅದರ ಜೊತೆಗೇ ಕಲ್ಚರ್ ಬಾಟಲಿಯನ್ನೂ ಕೊಡಬಹುದು. ಖಾಸಗಿಯವರನ್ನು ಕೇಳಲು 2007ರ ಕೆಪಿಎಂಇ ಕಾಯ್ದೆ (ಖಾಸಗಿ ಆಸ್ಪತ್ರೆ, ಲ್ಯಾಬುಗಳನ್ನು ನಿಯಂತ್ರಿಸುವ ಕಾಯ್ದೆ) ನಿಮ್ಮ ಕೈಯಲ್ಲಿದೆ. ಟೈಫಾಯ್ಡ್‌ಗೆ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಜಾತಿಯ ಔಷಧಿಗಳು 2014ರಿಂದ ಶೆಡ್ಯೂಲ್ ಎಚ್1 ಅನ್ನುವ, ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿವೆ, ಮೆಡಿಕಲ್ ಶಾಪಿನವರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಆ ರಿಜಿಸ್ಟರ್ ತೆಗೆಸಿ ನೋಡಿ ಸಾರ್. ಎಷ್ಟು ಮಕ್ಕಳಿಗೆ ಕಲ್ಚರ್ ಇಲ್ಲದೆ ಈ ಔಷಧಿ ಹೋಗಿದೆ ಅಂತ ಲೆಕ್ಕ ಹಾಕಿಸಿ.

ಪ್ರತಿ ತಾಲೂಕು ಆಸ್ಪತ್ರೆಯ ಫ್ರಿಜ್ ಪಕ್ಕದಲ್ಲಿ ಮಕ್ಕಳ ಕಲ್ಚರ್ ಬಾಟಲಿ ಇರಬೇಕು. ಮೊದಲ ಆಂಟಿಬಯಾಟಿಕ್‌ಗೆ ಮುಂಚೆ ರಕ್ತ ತೆಗೆಯಬೇಕು. ಅದೇ ದಿನ ಅದು ಜಿಲ್ಲಾ ಲ್ಯಾಬಿಗೆ ಹೋಗಬೇಕು. ಬರೀ ವಿಡಾಲ್ ನೋಡಿ ಟೈಫಾಯ್ಡ್ ಅಂತ ಯಾವ ಲ್ಯಾಬೂ, ಯಾವ ಆಸ್ಪತ್ರೆಯೂ ಬರೆಯಬಾರದು ಅಂತ ಆದೇಶ ಹೊರಡಿಸಿ. ಪರಿಶೀಲಿಸುತ್ತೇವೆ ಅನ್ನುವ ಉತ್ತರ ನನಗೆ ಬೇಡ. ಮಳೆಗಾಲ ಮತ್ತೆ ಬರುತ್ತಿದೆ, ವಾರ್ಡುಗಳು ಮತ್ತೆ ತುಂಬುತ್ತವೆ. ಅದಕ್ಕೆ ಮುಂಚೆ ಆದೇಶ ಬರುತ್ತದೋ ಇಲ್ಲವೋ, ದಿನಾಂಕ ಹಾಕಿ ತಿಳಿಸಿ.

ಇಂತಿ,
ತಾಲೂಕು ಊರಿನ ಒಬ್ಬ ತಾಯಿ