ಎರಡು ದೇಶಗಳ ಒಂದು ಊರಿನಿಂದ ಅಪ್ಪನಿಗೆ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ; ನಿಮ್ಮ ಹಾಗೂ ಅಮ್ಮನ ಆರೋಗ್ಯದ ಬಗ್ಗೆ ಬರೆಯಿರಿ.

ನಾವೀಗ ಬಾಡಿಗೆಗಿರುವ ಸ್ಯಾಂ-ಜಾಂಗೋಲ್ಫ್ ಎಷ್ಟು ದೊಡ್ಡ ಊರು, ಜನ ಎಷ್ಟು ಎಂದು ಕೇಳಿದ್ದೀರಿ. ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದ ನಿಮಗೆ ಒಂದು ಸಾಲಿನ ಉತ್ತರ ಸಾಲದು.

ಊರು ಲೆಮಾನ್ (ಜಿನೀವಾ) ಸರೋವರದ ದಕ್ಷಿಣ ದಡದಲ್ಲಿದೆ. ಸರೋವರದ ನೀರು ಸಮುದ್ರಮಟ್ಟದಿಂದ 372 ಮೀಟರ್ ಎತ್ತರದಲ್ಲಿದ್ದರೆ, ಬೆನ್ನ ಹಿಂದಿನ ಗ್ರಾಮೋಂ ಶಿಖರ 2,172 ಮೀಟರ್ ಎತ್ತರಕ್ಕೆ ನಿಂತಿದೆ. ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲೇ ಮನೆ, ರಸ್ತೆ, ರೈಲುಹಳಿ ಎಲ್ಲವೂ ಒತ್ತಿಕೊಂಡಿವೆ. ಬೆಟ್ಟ ದಕ್ಷಿಣಕ್ಕಿರುವುದರಿಂದ ಚಳಿಗಾಲದಲ್ಲಿ ನಮಗೆ ಬಿಸಿಲು ಅಪರೂಪ, ಎದುರು ದಡದ ಲಾವೊ ದ್ರಾಕ್ಷಿತೋಟಗಳು ಮಾತ್ರ ದಿನವಿಡೀ ಬೆಳಗುತ್ತಿರುತ್ತವೆ. ನೋಡಿ ಹೊಟ್ಟೆಕಿಚ್ಚುಪಡುವುದು ಇಲ್ಲಿನವರ ಹಕ್ಕು.

ಬೆಟ್ಟದಿಂದಿಳಿಯುವ ಮೋರ್ಜ್ ಎಂಬ ತೊರೆ ಊರನ್ನು ಸೀಳಿಕೊಂಡು ಸರೋವರ ಸೇರುತ್ತದೆ. ತೊರೆಯ ಪೂರ್ವಕ್ಕೆ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತ್ಯ, ಪಶ್ಚಿಮಕ್ಕೆ ಫ್ರಾನ್ಸ್. 1569ರಲ್ಲಿ ವಾಲೆಯವರೂ ನೆರೆಯ ಸವೊಯ್ ಸೀಮೆಯ ಅರಸರೂ ಮಾಡಿಕೊಂಡ ಒಪ್ಪಂದ ಈ ತೊರೆಯನ್ನೇ ಗಡಿಯಾಗಿಸಿತು. 1860ರಲ್ಲಿ ಸವೊಯ್ ಫ್ರಾನ್ಸಿಗೆ ಸೇರಿದ ಮೇಲೂ ಗೆರೆ ಅಲ್ಲೇ ಉಳಿಯಿತು. ಎರಡೂ ಬದಿಗೆ ಹೆಸರು ಒಂದೇ, ಪಂಚಾಯಿತಿ ಎರಡು. ಚರ್ಚು, ಸ್ಮಶಾನ ಮಾತ್ರ ಫ್ರಾನ್ಸಿನ ಕಡೆಗಿವೆ; ನಮ್ಮ ಬದಿಯವರು ತೀರಿಕೊಂಡರೆ ಶವಯಾತ್ರೆ ಸುಂಕದ ಕಟ್ಟೆಯ ಮುಂದೆ ಸೇತುವೆ ದಾಟಿ ಹೋಗುತ್ತದೆ. ಅದೇ ಸೇತುವೆಯಲ್ಲಿ ಮಾಂಸ ತರುವವರಿಗೆ ಲೆಕ್ಕವಿದೆ: ತಲೆಗೆ 1 ಕಿಲೋ ಮೀರಿದರೆ ಸ್ವಿಟ್ಜರ್ಲೆಂಡಿಗೆ ಸುಂಕ ಕಟ್ಟಬೇಕು. 1944ರ ಜುಲೈನಲ್ಲಿ ಜರ್ಮನ್ ಸೈನಿಕರು ಫ್ರೆಂಚ್ ಬದಿಯ ಮನೆಗಳಿಗೆ ಬೆಂಕಿಯಿಟ್ಟಾಗ ನೂರಾರು ಜನ ಮೋರ್ಜ್ ದಾಟಿ ಈಚೆ ಬಂದು ಜೀವ ಉಳಿಸಿಕೊಂಡರು.

ಇನ್ನು ಜನಸಂಖ್ಯೆ. ಸ್ವಿಸ್ ಬದಿಯಲ್ಲಿ ಸುಮಾರು 1,000 ಜನರಿದ್ದಾರೆ, ಫ್ರೆಂಚ್ ಬದಿಯಲ್ಲಿ ಅದಕ್ಕಿಂತ ತುಸು ಕಡಿಮೆ. ನೀವು ಮಾಡುತ್ತಿದ್ದ ಹಾಗೆ ಮನೆಮನೆ ಸುತ್ತಿ ಎಲ್ಲರನ್ನೂ ಎಣಿಸುವ ಪದ್ಧತಿಯನ್ನು ಸ್ವಿಟ್ಜರ್ಲೆಂಡ್ 2000ದ ಗಣತಿಯೊಂದಿಗೆ ಮುಗಿಸಿ, 2010ರಿಂದ ನೋಂದಣಿ ಪುಸ್ತಕಗಳಿಂದಲೇ ಲೆಕ್ಕ ತೆಗೆಯುತ್ತದೆ. ಆದ್ದರಿಂದಲೇ ಹೊಸದಾಗಿ ಬಂದವರು 14 ದಿನಗಳೊಳಗೆ ಪಂಚಾಯಿತಿಯಲ್ಲಿ ಹೆಸರು ಬರೆಸಬೇಕು. ನಮ್ಮದೂ ಆಯಿತು, ಈ ಊರಿನ ಲೆಕ್ಕದಲ್ಲಿ ನಿಮ್ಮ ಮೊಮ್ಮಗಳೂ ಒಂದು ತಲೆ.

ಆದರೆ ಸಂಖ್ಯೆಯೊಂದರಿಂದ ಊರು ತಿಳಿಯುವುದಿಲ್ಲ. ಫ್ರೆಂಚ್ ಬದಿಯಲ್ಲಿ ಮಲಗಿ ಎದ್ದು, ಸ್ವಿಸ್ ಫ್ರಾಂಕಿನ ಸಂಬಳಕ್ಕಾಗಿ ಬೆಳಗ್ಗೆ ಗಡಿ ದಾಟುವವರು ಬಹಳ. ಹಗಲು ಇಲ್ಲಿ ದುಡಿದರೂ ಜನಸಂಖ್ಯೆಯಲ್ಲಿ ಅವರು ಅಲ್ಲಿಯವರು. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳದ ಬದಲು ಮನೆತನದ ಮೂಲ ಊರನ್ನು ಬರೆಯುವುದರಿಂದ, ಈ ಊರನ್ನು ಕಣ್ಣಾರೆ ಕಾಣದವರೂ ಕಾಗದದ ಮೇಲೆ ಇಲ್ಲಿಯವರಾಗಿರಬಹುದು. ಎಲ್ಲಕ್ಕಿಂತ ನಿಮಗೆ ಹಿಡಿಸಬಹುದಾದ ಸಂಗತಿಯೆಂದರೆ, 1569ರಲ್ಲಿ ಊರು ಒಡೆದರೂ ಹಳೆಯ ಮನೆತನಗಳ ಕೂಟ ಒಡೆಯಲಿಲ್ಲ. ಗಡಿಯ ಎರಡೂ ಬದಿಯ ಕಾಡು, ಹುಲ್ಲುಗಾವಲು ಇಂದಿಗೂ ಆ ಒಂದೇ ಕೂಟದ ಸ್ವತ್ತು. ಎರಡು ಸರ್ಕಾರಗಳ ಕೆಳಗಿನ ಇಂಥ ಜಮೀನಿಗೆ ನೀವಾಗಿದ್ದರೆ ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಏನೆಂದು ಬರೆಯುತ್ತಿದ್ದಿರಿ, ಮುಂದಿನ ಪತ್ರದಲ್ಲಿ ತಿಳಿಸಿ.

ಅಮ್ಮನಿಗೆ ನಮಸ್ಕಾರ ಹೇಳಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ
ಮಗ