ಕಾಗೆ ಕಾಲು, ಗುಬ್ಬಿ ಕಾಲು

ನಾರಾ
ಫೆಬ್ರವರಿ ಕೊನೆಯ ವಾರ

ಪ್ರೀತಿಯ ರಾಘು,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಚುಚ್ಚಿತು. "ಎರಡು ವರ್ಷದಿಂದ ಬ್ರಷ್ ಹಿಡ್ಕೊಂಡು ಬೇರೆಯವರ ಪದ್ಯ ಕಾಪಿ ಹೊಡೀತಿದ್ದೀಯಾ? ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರು ದಿನಾ ಒಂದು ಪುಟ ಕಾಪಿ ಬರೆಸಿದ್ದು ಸಾಕಾಗ್ಲಿಲ್ವಾ? ಬರೆಯೋದಾದ್ರೆ ನಿಂದೇ ಬರಿ" ಅಂದೆ. ಅದರ ಕೆಳಗೇ ಇನ್ನೊಂದು ಸಾಲು: "ನಮ್ಮ ಮನೆ ಇದ್ದಲ್ಲೇ ಇದೆ, ನೆನಪಿರಲಿ."

ಎರಡಕ್ಕೂ ಉತ್ತರ ಕೊಡಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ.

ಇಲ್ಲಿ ಜಪಾನಿನಲ್ಲಿ ತಿಂಗಳಿಗೆ ಎರಡು ಶನಿವಾರ ಬ್ರಷ್ ಬರಹದ ಕ್ಲಾಸು. ನಮ್ಮ ಬೀದಿಯ ಸಮುದಾಯ ಭವನದ ಮಹಡಿಯ ಕೋಣೆ. ಒಂಬತ್ತು ಜನ ಇದ್ದೇವೆ. ಏಳು ಜನ ಹೆಂಗಸರು, ಎಂಬತ್ತು ದಾಟಿದ ಒಬ್ಬ ಅಜ್ಜ, ಮತ್ತೆ ನಾನು. ಮೊದಲ ಅರ್ಧ ಗಂಟೆ ಯಾರೂ ಏನೂ ಬರೆಯುವುದಿಲ್ಲ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ ಸುಮಿ ತೇಯುವುದು. ಸುಮಿ ಅಂದರೆ ಮಸಿಯ ಕಡ್ಡಿ. ಥೇಟ್ ನಿಮ್ಮಜ್ಜ ದೇವರ ಕೋಣೆಯಲ್ಲಿ ಗಂಧ ತೇಯ್ತಾ ಇದ್ದ ಹಾಗೆ, ಒತ್ತದೆ, ಅವಸರ ಮಾಡದೆ. ದೀಪದ ಎಣ್ಣೆಯ ಕಾಡಿಗೆಗೆ ಚರ್ಮ ಬೇಯಿಸಿ ತೆಗೆದ ಅಂಟು ಕಲಸಿ ಅಚ್ಚಿಗೆ ಹಾಕುತ್ತಾರೆ. ಬೇಸಿಗೆಯಲ್ಲಿ ಅಂಟು ಕೊಳೆಯುತ್ತದೆ ಅಂತ ಚಳಿಗಾಲದಲ್ಲೇ ಈ ಕೆಲಸ. ನಮ್ಮ ನಾರಾ ಊರು ಇದಕ್ಕೇ ಹೆಸರುವಾಸಿ, 1577ರಲ್ಲಿ ಶುರುವಾದ ಅಂಗಡಿಯೊಂದು ಇವತ್ತಿಗೂ ಮಸಿ ಮಾಡುತ್ತಿದೆ. ಅಂಟಿನ ವಾಸನೆ ಮುಚ್ಚಲು ಸುಗಂಧ ಸೇರಿಸುತ್ತಾರೆ. ತೇಯುವಾಗ ಪಚ್ಚಕರ್ಪೂರದಂಥ ವಾಸನೆ ಬರುತ್ತದೆ. ಮೊದಲ ದಿನ ಆ ವಾಸನೆಗೆ ನನಗೆ ತೀರ್ಥ ಕುಡಿಯಬೇಕು ಅನ್ನಿಸಿತ್ತು.

ಬರೆಯುವುದು ಹಳೆಯ ಪದ್ಯಗಳನ್ನು. ಹೆಚ್ಚಾಗಿ ವಾಕಾ. ಒಂದು ಪದ್ಯಕ್ಕೆ ಐದು, ಏಳು, ಐದು, ಏಳು, ಏಳು ಅಂತ ಮೂವತ್ತೊಂದು ಉಚ್ಚಾರ, ಅಷ್ಟರಲ್ಲಿ ಮುಗಿಯಬೇಕು. ಇವನ್ನು ಬರೆಯುವುದು ಹೆಚ್ಚಾಗಿ ಕಾನಾ ಅಕ್ಷರದಲ್ಲಿ. ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳನ್ನು ಬೇಗ ಬೇಗ ಬರೆದು ಬರೆದು, ಸವೆದು, ಕೊನೆಗೆ ಬರೀ ಬಳುಕು ಉಳಿದಿದೆಯಲ್ಲ, ಅದೇ ಕಾನಾ. ಹಿಂದೆ ಇದಕ್ಕೆ 'ಹೆಣ್ಣು ಕೈ' ಅಂತಲೇ ಹೆಸರಿತ್ತು. ನಮ್ಮ ಕ್ಲಾಸಿನ ಲೆಕ್ಕ ನೋಡಿದರೆ ಈಗಲೂ ಹಾಗೇ ಅನ್ನು.

ಈಗ ನಿನ್ನ 'ಕಾಪಿ' ಮಾತಿಗೆ ಬರ್ತೀನಿ.

ಹೋದ ವರ್ಷ ನಮ್ಮ ಆಫೀಸಿನ ಹಿರಿಯ ಮೇಡಂ ಒಬ್ಬರು ರಿಟೈರ್ ಆದರು. ಅವರಿಗೆ ನನ್ನ ಕೈಯಾರೆ ಒಂದು ಪದ್ಯ ಬರೆದು ಕೊಡೋಣ ಅನ್ನಿಸಿತು. ಪುಸ್ತಕ ತಿರುವಿ ಹಾಕಿದೆ. ಒಂಬತ್ತನೇ ಶತಮಾನದ ಕವಯಿತ್ರಿ ಒನೊ ನೊ ಕೊಮಾಚಿಯ ಪದ್ಯ ಸಿಕ್ಕಿತು. 'ಹೂವಿನ ಬಣ್ಣ' ಅಂತ ಶುರುವಾಗುತ್ತದೆ. ಇಷ್ಟು ಸಾಕು ಅಂತ ಒಂದು ವಾರ ಕೂತು ಅಭ್ಯಾಸ ಮಾಡಿದೆ. ಸೆನ್ಸೆಗೆ, ಅಂದರೆ ಕ್ಲಾಸಿನ ಗುರುಗಳಿಗೆ, ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಅಕ್ಷರ ಪರವಾಗಿಲ್ಲ. ಯಾರಿಗೆ ಕೊಡೋದು?" ಅಂದರು. ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪಕ್ಕದ ಇಬ್ಬರು ಹೆಂಗಸರೂ ನಕ್ಕರು. ಪದ್ಯದ ತಾತ್ಪರ್ಯ ಇಷ್ಟು ಕಣೋ: ಹೂವಿನ ಬಣ್ಣ ಮಾಸಿಹೋಯಿತು, ಸುರಿಯುವ ಮಳೆ ನೋಡುತ್ತಾ ಕೂತಲ್ಲೇ ನನ್ನ ವಯಸ್ಸೂ ವ್ಯರ್ಥವಾಗಿ ಕಳೆದುಹೋಯಿತು. ಮೂವತ್ತೆಂಟು ವರ್ಷ ದುಡಿದು ಮನೆಗೆ ಹೊರಟ ಹೆಂಗಸಿಗೆ ಉಡುಗೊರೆ!

ಅವತ್ತು ಸೆನ್ಸೆ ಇನ್ನೊಂದು ವಿಷಯ ತೋರಿಸಿದರು. ಅದರಲ್ಲಿ 'ಫುರು' ಅಂತ ಒಂದು ಮಾತಿದೆ. ಮಳೆ ಸುರಿಯುವುದೂ ಫುರು, ಕಾಲ ಕಳೆಯುವುದೂ ಫುರು, ಹಳತಾಗುವುದೂ ಫುರು. 'ನಾಗಾಮೆ' ಅಂದರೆ ಬಿಡದೆ ಹಿಡಿಯುವ ಮಳೆ. ಸುಮ್ನೆ ದಿಟ್ಟಿಸುತ್ತಾ ಕೂರುವುದೂ ನಾಗಾಮೆಯೇ. ಚೀನೀ ಅಕ್ಷರದಲ್ಲಿ ಬರೆದೆಯೋ, ಮಳೆಯೋ ನೋಟವೋ ಯಾವುದಾದರೂ ಒಂದನ್ನು ಆರಿಸಲೇಬೇಕು. ಕಾನಾದಲ್ಲಿ ಬರೆದರೆ ಎರಡೂ ಉಳಿಯುತ್ತವೆ. ಶ್ಲೇಷೆ! ನಮ್ಮ ಪಂಡಿತರು ಅದರ ಪಾಠ ಮಾಡುವಾಗ ನೀನು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ, ಇರಲಿ. ಅಂತೂ ಒಂದು ವಾರ ಆ ಪದ್ಯ ಬರೆದೂ ನಾನು ಅದನ್ನು ಓದಿರಲಿಲ್ಲ. ನಿಜವಾದ ಕಾಪಿ ಅಂದರೆ ಅದು. ಅಲ್ಲಿಗೆ ನಿನ್ನ ಮಾತು ಒಪ್ಪಿದೆ.

ಆಮೇಲೆ ಹಿಡಿದದ್ದು ತ್ಸುರಾಯುಕಿಯ ಪದ್ಯ. ಈ ಪತ್ರದ ಜೊತೆ ಬರುತ್ತಿರುವುದೂ ಅದೇ. ಕಿ ನೊ ತ್ಸುರಾಯುಕಿ, 905ರಲ್ಲಿ ಅರಸನ ಅಪ್ಪಣೆ ಪಡೆದ ಮೊದಲ ವಾಕಾ ಸಂಕಲನಕ್ಕೆ ಪದ್ಯ ಆರಿಸಿದವರಲ್ಲಿ ಒಬ್ಬ. ಕತೆ ಹೀಗಿದೆ. ಹಾಸೆದೇರಾ ದೇವಸ್ಥಾನಕ್ಕೆ ಹೋದಾಗೆಲ್ಲ ಅವನು ಒಂದು ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ. ನಡುವೆ ಬಹಳ ಕಾಲ ಆ ಕಡೆ ತಲೆ ಹಾಕಲಿಲ್ಲ. ಮತ್ತೆ ಹೋದಾಗ ಮನೆಯ ಯಜಮಾನ ಚುಚ್ಚಿದ: ಮನೆ ಇದ್ದ ಹಾಗೇ ಇದೆಯಲ್ಲ, ನೋಡಿ. (ಈಗ ಗೊತ್ತಾಯಿತಾ ನಿನ್ನ ಮೆಸೇಜ್ ಓದಿ ನನಗೆ ಯಾಕೆ ಮೈ ಜುಮ್ಮೆಂದಿತು ಅಂತ?) ತ್ಸುರಾಯುಕಿ ಅಲ್ಲೇ ಇದ್ದ ಉಮೆ (ಜಪಾನಿ ಪ್ಲಮ್) ಮರದ ಹೂವಿನ ಗೆಲ್ಲು ಮುರಿದು ಪದ್ಯ ಹೇಳಿದ:

ಹಿತೊ ವಾ ಇಸಾ
ಕೊಕೊರೊ ಮೊ ಶಿರಾಝು
ಫುರುಸಾತೊ ವಾ
ಹಾನಾ ಝೊ ಮುಕಾಶಿ ನೊ
ಕಾ ನಿ ನಿಓಯಿಕೆರು

ಮನುಷ್ಯರ ವಿಷಯ ಏನೋ ಕಾಣೆ, ಮನಸ್ಸೂ ತಿಳಿಯದು. ಹಳೆಯ ಊರಿನಲ್ಲಿ ಹೂವು ಮಾತ್ರ ಅಂದಿನ ಪರಿಮಳವನ್ನೇ ಬೀರುತ್ತಿದೆ. ಇಷ್ಟೇ. ಯಜಮಾನನ ಕೊಂಕಿಗೆ ತಿರುಗಿ ಒಂದು ಕೊಂಕು, ಪರಿಮಳ ಹಚ್ಚಿ.

ಈಗ ಇದನ್ನು ಬರೆಯಲು ಕೂತರೆ ಏನಾಗುತ್ತದೆ ನೋಡು. ಇವತ್ತು ಜಪಾನಿನ ಮಕ್ಕಳು ಒಂದು ಉಚ್ಚಾರಕ್ಕೆ ಒಂದೇ ಕಾನಾ ಕಲಿಯುತ್ತಾರೆ. ಅದು 1900ರಲ್ಲಿ ಶಾಲೆಗಳಿಗೆ ಅಂತ ಮಾಡಿದ ನಿಯಮ. ಅದಕ್ಕೆ ಮುಂಚೆ ಒಂದೊಂದು ಉಚ್ಚಾರಕ್ಕೂ ಹಲವು ಅಕ್ಷರಗಳಿದ್ದವು, ಬರೆಯುವವರು ಬೇಕಾದ್ದನ್ನು ಎತ್ತಿಕೊಳ್ಳುತ್ತಿದ್ದರು. ನಮ್ಮ ಱ, ೞ ಬಿಟ್ಟುಹೋದ ಹಾಗೆ ಮಿಕ್ಕವೆಲ್ಲ ಬಿಟ್ಟುಹೋದವು. ಆದರೆ ಬ್ರಷ್ ಹಿಡಿದವರು ಬಿಟ್ಟಿಲ್ಲ. ಈ ಪದ್ಯದಲ್ಲಿ 'ಹ' ಅಕ್ಷರ ಮೂರು ಸಲ ಬರುತ್ತದೆ ('ವಾ' ಅಂತ ಓದುವ ಕಡೆಯೂ ಬರೆಯುವುದು ಹ). ಮೂರನ್ನೂ ಒಂದೇ ಥರ ಬರೆದರೆ ಹಲ್ಲಿನ ಸಾಲಿನ ಹಾಗೆ ಕಾಣುತ್ತದೆ ಅಂತಾರೆ ಸೆನ್ಸೆ. ಒಂದು ಕಡೆ 'ಅಲೆ' ಎಂಬ ಅಕ್ಷರದಿಂದ ಹುಟ್ಟಿದ ಹ, ಇನ್ನೊಂದು ಕಡೆ 'ಜನ' ಎಂಬುದರಿಂದ ಬಂದದ್ದು, ಮೂರನೆಯದು 'ಎಂಟು' ಎಂಬ ಅಂಕಿಯಿಂದ ಬಂದ ಎರಡೇ ಗೀರು. ಕೊನೆಯ ಸಾಲಿನಲ್ಲಿ 'ನಿ ನಿ' ಅಂತ ಪಕ್ಕಪಕ್ಕದಲ್ಲೇ ಎರಡು ಇವೆಯಲ್ಲ, ಅಲ್ಲಿ ಒಂದಕ್ಕೆ ಮಾಮೂಲಿ ನಿ, ಇನ್ನೊಂದಕ್ಕೆ 'ಕಿವಿ'ಯಿಂದ ಬಂದ ನಿ. ನಾನು ಜನ ಎಂಬುದರಿಂದ ಬಂದ ಹ ಅಕ್ಷರವನ್ನು ಮೊದಲ ಸಾಲಿಗೆ ಇಟ್ಟೆ. ಮನುಷ್ಯರ ಮಾತು ಬರುವುದೂ ಅಲ್ಲೇ ಅಲ್ವಾ? ಸೆನ್ಸೆ ಅದನ್ನು ಗಮನಿಸಿ "ಹೂಂ" ಅಂದರು. ಅವರ "ಹೂಂ"ಗೆ ನಮ್ಮ ಮೇಷ್ಟ್ರ ಗುಡ್ ಎಂಬ ಕೆಂಪಿಂಕಿಗಿಂತ ಬೆಲೆ ಜಾಸ್ತಿ.

ಆಮೇಲೆ ಜೋಡಣೆ. ಎರಡು ಮೂರು ಅಕ್ಷರಗಳನ್ನು ಬ್ರಷ್ ಎತ್ತದೆ ಒಂದೇ ಎಳೆಯಲ್ಲಿ ಬರೆಯುತ್ತಾರೆ, ಅದಕ್ಕೆ ರೆನ್ಮೆನ್ ಅಂತಾರೆ. ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಬೇಕು, ಮಸಿ ಎಲ್ಲಿ ಮುಗಿದು ಗೀರು ಒಣಗಬೇಕು, ಎಲ್ಲಿ ಮತ್ತೆ ಅದ್ದಬೇಕು. ಸಾಲುಗಳೂ ನೆಟ್ಟಗೆ ನಿಲ್ಲಬೇಕಿಲ್ಲ. ಒಂದು ಮೇಲೆ, ಒಂದು ಕೆಳಗೆ, ನಡುವೆ ಖಾಲಿ. ಸಾವಿರ ವರ್ಷದ ಹಿಂದೆ ಹೀಗೆ ಚೆಲ್ಲಿ ಬರೆದ, ಹದಿಮೂರು ಸೆಂಟಿಮೀಟರ್ ಅಗಲದ ಕಾಗದಗಳು ಇನ್ನೂ ಉಳಿದಿವೆ. ಅವುಗಳ ಫೋಟೋ ಮುಂದಿಟ್ಟುಕೊಂಡೇ ನಾವು ತಿದ್ದುವುದು. ನಾನು 'ಫುರುಸಾತೊ' ಒಂದನ್ನು ಒಂದೇ ಎಳೆಯಲ್ಲಿ ತರಲು ಐವತ್ತು ಹಾಳೆ ಕೆಡಿಸಿದೆ. ಫುರುಸಾತೊ ಅಂದರೆ ಹಳೆಯ ಊರು, ಗೊತ್ತಿದ್ದ ಊರು. ಇವತ್ತಿನ ಜಪಾನಿಯಲ್ಲಿ ಹುಟ್ಟೂರಿಗೂ ಅದೇ ಮಾತು. ಐವತ್ತು ಸಲ ಬರೆಯುವಾಗ ತಲೆಯಲ್ಲಿ ಏನು ಓಡುತ್ತಿತ್ತು ಅಂತ ನಿನಗೆ ಬಿಡಿಸಿ ಹೇಳಬೇಕಾ? ಓದಿದ್ದರೆ ಆ ಪದ್ಯಕ್ಕೆ ಹತ್ತು ಸೆಕೆಂಡು ಸಾಕಿತ್ತು.

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ನಿನಗೆ ಗೊತ್ತು. ಅದಕ್ಕೇ ನನಗೆ ತೇಯ್ಕ ಅಂದರೆ ಬಹಳ ಪ್ರೀತಿ. ಫುಜಿವಾರಾ ನೊ ತೇಯ್ಕ, ದೊಡ್ಡ ಕವಿ. ತನ್ನ ಅಕ್ಷರ ರಾಕ್ಷಸನ ಹಾಗಿದೆ ಅಂತ ತಾನೇ ಬರೆದುಕೊಂಡವನು. 1235ರಲ್ಲಿ ಅವನ ಬೀಗರು, ಅಂದರೆ ಮಗನ ಮಾವ, ತಮ್ಮ ಮನೆಯ ಬಾಗಿಲ ತೆರೆಗಳಿಗೆ ಅಂಟಿಸಲು ಹಳೆಯ ಕವಿಗಳ ಒಂದೊಂದು ಪದ್ಯ ಬರೆದುಕೊಡಿ ಅಂತ ದುಂಬಾಲು ಬಿದ್ದರು. ತನಗೆ ಬರೆಯುವುದು ಬರುವುದಿಲ್ಲ, ನೋಡಲಾಗದಷ್ಟು ಕೆಟ್ಟದಾಗಿದೆ, ಆದರೂ ಹೇಗೋ ಬರೆದು ಕಳಿಸಿದೆ ಅಂತ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ನೂರು ಕವಿಗಳ ನೂರು ಪದ್ಯದ ಸಂಕಲನ ಅಂತ ಇವತ್ತು ಜಪಾನಿನ ಮನೆಮನೆಯಲ್ಲಿ ಇಸ್ಪೀಟಿನಂತೆ ಆಡುತ್ತಾರಲ್ಲ, ಅದರ ಬೇರು ಅಲ್ಲಿದೆ ಅನ್ನುತ್ತಾರೆ. 1555ರಲ್ಲಿ ಒಬ್ಬ ಚಹಾ ಗುರು ತೇಯ್ಕನ ಕೈಬರಹ ಎಂದು ನಂಬಿದ್ದ ಅಂಥ ಒಂದು ಹಾಳೆಯನ್ನು ತನ್ನ ಚಹಾ ಕೋಣೆಯಲ್ಲಿ ತೂಗುಹಾಕಿದ. ಆಮೇಲೆ ರಾಕ್ಷಸನ ಅಕ್ಷರಕ್ಕೆ ಎಂಥಾ ಬೇಡಿಕೆ ಬಂತು ಅಂದರೆ, ದೊಡ್ಡ ದೊಡ್ಡವರು ಬೇಕಂತಲೇ ಅವನ ಹಾಗೆ ದಪ್ಪ ಸಣ್ಣ ಮಾಡಿ ಬರೆಯಲು ಕಲಿತರು.

ಅದೇ 1235ರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಆಗ ವಯಸ್ಸು ಎಪ್ಪತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಕ್ಯೋಟೋದ ಒಂದು ಭಂಡಾರದಲ್ಲಿ ತ್ಸುರಾಯುಕಿ ಸ್ವಂತ ಕೈಯಲ್ಲಿ ಬರೆದ ದಿನಚರಿಯ ಸುರುಳಿ ಸಿಕ್ಕಿತು. ತಡೆಯಲಾರದೆ ಎರಡೇ ದಿನದಲ್ಲಿ ಕೂತು ಪೂರ್ತಿ ಪ್ರತಿ ಮಾಡಿದ. ಹೆಚ್ಚಿನ ಭಾಗ ತನ್ನದೇ ಅಕ್ಷರದಲ್ಲಿ. ಆದರೆ ಕೊನೆಗೆ ಬಂದಾಗ, ಮುನ್ನೂರು ವರ್ಷದ ಹಿಂದಿನ ಆ ಕೈ ಹೇಗೆ ಓಡುತ್ತಿತ್ತು ಅಂತ ಮುಂದಿನವರು ನೋಡಲಿ ಎಂದು, ತ್ಸುರಾಯುಕಿಯ ಅಕ್ಷರವನ್ನೇ ಹಾಗ್ಹಾಗೇ ಇಳಿಸಿದ. ಮೂಲ ಸುರುಳಿ ಈಗ ಇಲ್ಲ. ಇದು ತ್ಸುರಾಯುಕಿಯದು ಅಂತ ಹೆಸರಿಟ್ಟ ಚೂರುಗಳು ಬೇಕಾದಷ್ಟಿವೆ, ಆದರೆ ಎಲ್ಲ ಆಮೇಲಿನವರು ಬರೆದವು. ಅವನ ಕೈ ಓಡಿದ ರೀತಿಯನ್ನು ನೋಡಬೇಕೆಂದರೆ ಕಣ್ಣು ಕಾಣದ ಮುದುಕನ ಆ ಕೊನೆಯ ಪುಟಗಳನ್ನೇ ನೋಡಬೇಕು. ಇದನ್ನೂ ಕಾಪಿ ಹೊಡೆಯುವುದು ಅಂತೀಯೇನೋ?

ನಿಮ್ಮ ಮನೆ ಅಟ್ಟದ ಮೇಲೆ ಓಲೆಗರಿ ಕಟ್ಟು ಇತ್ತಲ್ಲ. ಮಳೆಗಾಲದ ರಜೆಯಲ್ಲಿ ನಾವು ಅದನ್ನು ಇಳಿಸಿ ಬಿಚ್ಚಿದಾಗ ನಿಮ್ಮಜ್ಜ ಬೈಯಲಿಲ್ಲ. ಕೊನೆಯ ಗರಿ ತೆಗೆದು, ಬರೆದವನ ಶ್ಲೋಕ ಓದಿ ಅರ್ಥ ಹೇಳಿದರು. ಬೆನ್ನು, ಸೊಂಟ, ಕತ್ತು ಮುರಿದು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನವಾಗಿ ಇಟ್ಟುಕೊಳ್ಳಿ ಅಂತ. ನಾನು ಮೊನ್ನೆ ರಾತ್ರಿ ಬ್ರಷ್ ತೊಳೆದು ಎದ್ದು ನಿಂತಾಗ ಸೊಂಟ ಹಿಡಿದುಕೊಂಡು ಮೊದಲು ನೆನಪಾದದ್ದು ಅದೇ. ಆ ಕಟ್ಟು ಇನ್ನೂ ಇದೆಯಾ? ಗೆದ್ದಲು ನೋಡ್ಕೊಳ್ಳೋ.

ಹೋದ ಭಾನುವಾರ ಹಾಸೆದೇರಾಕ್ಕೂ ಹೋಗಿ ಬಂದೆ. ಇಲ್ಲಿಂದ ರೈಲಿನಲ್ಲಿ ದೂರವೇನಿಲ್ಲ. ಗುಡ್ಡದ ಮೇಲೆ ದೇವಸ್ಥಾನ, 399 ಮೆಟ್ಟಿಲು, ಮೇಲೆ ಉದ್ದಕ್ಕೂ ಮಾಡು. ದಾರಿಯ ಪಕ್ಕ ತ್ಸುರಾಯುಕಿಯ ಹೆಸರಿನ ಒಂದು ಉಮೆ ಮರ ಇದೆ. ಅದೇ ಮರ ಅಲ್ಲ, ಗೊತ್ತು. ಮೂರು ಹೂವು ಬಿಟ್ಟಿತ್ತು. ಮೂಸಿ ನೋಡಿದೆ. ಶೀತ ಆಗಿತ್ತು, ಏನೂ ಗೊತ್ತಾಗಲಿಲ್ಲ.

ಇನ್ನು ಪಾರ್ಸೆಲ್ ವಿಷಯ. ಒಳಗೆ ಇರುವುದು ಶಿಕಿಶಿ, ಅಂದರೆ ದಪ್ಪ ರಟ್ಟಿನ ಕಾಗದ. ಎಡಗಡೆ ಕೆಳಗೆ ಮೊದಲು ಕವಿಯ ಹೆಸರು, ಅದರ ಪಕ್ಕ ನನ್ನ ಹೆಸರು, ನನ್ನ ಹೆಸರಿನ ಮುಂದೆ 'ಕಾಕು' ಅಂತ ಇದೆ. ನಗಬೇಡ, ಜಪಾನಿಯಲ್ಲಿ ಕಾಕು ಅಂದರೆ ಬರೆಯುವುದು. ಪದ್ಯ ನನ್ನದಲ್ಲ, ಕೈ ಮಾತ್ರ ನನ್ನದು ಅಂತ.

ಎರಡನೇ ಸಾಲು ನೋಡು. 'ಕೊಕೊರೊ' ಆದಮೇಲೆ ಬಲಕ್ಕೆ ಒಂದು ಚಿಕ್ಕ ಅಕ್ಷರ ತುರುಕಿದ್ದು ಕಾಣುತ್ತದೆ. ಅದು 'ಮೊ'. ನಮ್ಮ 'ಮನಸ್ಸೂ' ಅನ್ನುವಾಗಿನ ಆ ಊ. ಅದನ್ನು ಬಿಟ್ಟೇಬಿಟ್ಟಿದ್ದೆ. ಒಂದು ಸಾಲಿಗೆ ಏಳರ ಬದಲು ಆರು ಆಗಿತ್ತು, ಮನಸ್ಸೂ ಹೋಗಿ ಬರೀ ಮನಸ್ಸು ಆಗಿತ್ತು. ಹಾಳೆ ಬಿಸಾಕಲು ಹೋದೆ, ಸೆನ್ಸೆ ಬಿಡಲಿಲ್ಲ. ಪುಸ್ತಕ ತೆಗೆದು ಒಂದು ಚಿತ್ರ ತೋರಿಸಿದರು. ನಾನೂರು ವರ್ಷದ ಹಿಂದಿನ ಹೋನಾಮಿ ಕೋಎತ್ಸು, ಜಪಾನಿನ ದೊಡ್ಡ ಕೈಗಳಲ್ಲಿ ಒಂದು. ಗೆಳೆಯ ಸೋತಾತ್ಸು ಚಿನ್ನ ಬೆಳ್ಳಿಯಲ್ಲಿ ಕೊಕ್ಕರೆಗಳನ್ನು ಬಿಡಿಸಿದ ಹದಿಮೂರು ಮೀಟರ್ ಉದ್ದದ ಸುರುಳಿಯ ಮೇಲೆ ಮೂವತ್ತಾರು ಕವಿಗಳ ಪದ್ಯ ಬರೆದಿದ್ದಾನೆ. ಶುರುವಿನಲ್ಲೇ, ಹಿತೊಮಾರೊ ಎಂಬ ಮೊಟ್ಟಮೊದಲ ಕವಿಯ ಹೆಸರಿನಲ್ಲೇ, 'ಹಿತೊ' ಬಿಟ್ಟುಹೋಗಿದೆ. ಆಮೇಲೆ ಪಕ್ಕದಲ್ಲಿ ಸಣ್ಣದಾಗಿ ಸೇರಿಸಿದ್ದಾನೆ. ಅಷ್ಟು ಚಿನ್ನ ಬೆಳ್ಳಿ ಹಾಕಿದ ಕಾಗದ, ಬಿಸಾಕಲು ಆಗುತ್ತದಾ? ಆ ಸುರುಳಿ ಈಗ ಕ್ಯೋಟೋದ ಮ್ಯೂಸಿಯಂನಲ್ಲಿದೆ. ನನ್ನದು ನಿಮ್ಮ ಮನೆ ಜಗಲಿಯಲ್ಲಿರಲಿ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡ. ಬಿಸಿಲು ಬೀಳುವ ಗೋಡೆ ಬೇಡ, ಅಡುಗೆಮನೆ ಹೊಗೆಯೂ ಬೇಡ.

ಒಂದು ಹೇಳಲು ಮರೆತೆ. ಇಲ್ಲಿ ತಾನಾಬಾತಾ ಅಂತ ಹಬ್ಬ ಇದೆ. ಅವತ್ತು ಕೆಸುವಿನೆಲೆಯ ಮೇಲೆ ನಿಂತ ಇಬ್ಬನಿ ಹಿಡಿದು, ಅದರಲ್ಲಿ ಮಸಿ ತೇಯ್ದು ಪದ್ಯ ಬರೆಯುವುದು ಹಳೆಯ ಪದ್ಧತಿ. ಜುಲೈನಲ್ಲಿ ಹದಿನೈದು ದಿನ ರಜೆ ಕೇಳಿದ್ದೇನೆ, ಸಿಕ್ಕಿದೆ. ಸುಮಿ ಮತ್ತು ಕಲ್ಲು ನಾನು ತರ್ತೀನಿ. ಕೆಸುವಿನೆಲೆ ಹಿತ್ತಲಲ್ಲಿ ಬಂದಿರುತ್ತಲ್ಲ? ಅಮ್ಮನಿಗೆ ಹೇಳು, ಎಲ್ಲಾ ಪತ್ರೊಡೆಗೆ ಹಾಕಿ ಮುಗಿಸಬೇಡಿ, ಒಂದೆರಡು ಉಳಿಸಿ ಅಂತ.

ನಿನ್ನ,
ಸುಬ್ಬು