ಆ ದಿನ ಮಳೆ ಬಂದಿತ್ತೇ?

ಪ್ರೀತಿಯ ತಂಗಿ,

ಅಪ್ಪನನ್ನು ಕುರಿತ ನಿನ್ನ ಕವಿತೆಗಳ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ತುಂಬಿತು, ಎರಡನೆಯ ಸಲ ಸಿಟ್ಟು ಬಂತು. ಪ್ರಕಾಶಕರು, ಮುನ್ನುಡಿ, ಛಂದಸ್ಸು ಎಂದೆಲ್ಲ ಕೇಳಿದ್ದೀಯ. ಅವಕ್ಕೆ ಯಾರಾದರೂ ಉತ್ತರ ಕೊಟ್ಟಾರು. ನಾನು ಕೇಳಬೇಕಾದ್ದು ಒಂದೇ: ನಿನ್ನ ತಂದೆಯವರು ಹೋದ ದಿನ ನಿಜವಾಗಿಯೂ ಮಳೆ ಬಂದಿತ್ತೇ?

ನಲವತ್ತು ಪುಟಗಳಲ್ಲಿ ಮಳೆ ಐವತ್ತೆರಡು ಸಲ ಸುರಿದಿದೆ, ಎಣಿಸಿದ್ದೇನೆ. ಅದು ಸಾಲದೆಂದು ವಸಂತಕ್ಕೊಂದು ಕೋಗಿಲೆ, ಶಿಶಿರಕ್ಕೊಂದು ಉದುರಿದ ಎಲೆ. ಋತುಗಳು ಒಂದರ ಹಿಂದೊಂದು ಬಂದು ನಿನ್ನ ಪರವಾಗಿ ಅತ್ತು ಹೋಗುತ್ತವೆ. ನೀನು ಎಲ್ಲೂ ಕಾಣುವುದಿಲ್ಲ, ಅಪ್ಪನೂ ಕಾಣುವುದಿಲ್ಲ.

ಹಳೆಯ ಕವಿಗಳೂ ಅಗಲಿಕೆಗೆ ಮಳೆಗಾಲವನ್ನೇ ತಂದರಲ್ಲ ಎನ್ನುತ್ತೀಯೇನೋ. ತಂದರು, ಅವರಿಗೆ ಕಾರಣವಿತ್ತು. ಮಳೆ ಹಿಡಿದರೆ ಹೊಳೆ ತುಂಬುತ್ತಿತ್ತು, ದಾರಿ ಮುಚ್ಚುತ್ತಿತ್ತು. ದುಡಿಯಲೋ ದಂಡಿಗೋ ಹೋದವನು ಮೋಡ ಕಟ್ಟುವ ಮೊದಲು ಮನೆ ಸೇರದಿದ್ದರೆ ಮುಂದೆ ತಿಂಗಳುಗಟ್ಟಲೆ ಬರುವಂತಿರಲಿಲ್ಲ. ಸೀತೆಯನ್ನು ಹುಡುಕಲು ಹೊರಡಲಾಗದೆ ವಾಲ್ಮೀಕಿಯ ರಾಮ ಬೆಟ್ಟದ ಗುಹೆಯಲ್ಲಿ ಕುಳಿತದ್ದು ಮಳೆಗಾಲದ ನಾಲ್ಕು ತಿಂಗಳು. ಮೋಡದ ಕೈಯಲ್ಲಿ ಹೆಂಡತಿಗೆ ಸಂದೇಶ ಕಳಿಸುವ, ಕಾಳಿದಾಸನ ಮೇಘದೂತದ ಯಕ್ಷನಿಗೆ ಒಂದು ವರ್ಷದ ಶಾಪದಲ್ಲಿ ಉಳಿದಿದ್ದದ್ದೂ ನಾಲ್ಕೇ ತಿಂಗಳು. ಹೊಸ್ತಿಲಿಗಿಟ್ಟ ಹೂಗಳನ್ನು ನೆಲದ ಮೇಲೆ ಜೋಡಿಸಿ ಹೆಂಡತಿ ಉಳಿದ ತಿಂಗಳುಗಳನ್ನು ಲೆಕ್ಕ ಹಾಕುತ್ತಿರಬಹುದು ಎಂದು ಅವನು ಊಹಿಸುತ್ತಾನೆ. ಹೂ ಎಣಿಸುವ ಆ ಕೈ ನನಗೆ ಇಡೀ ಮೋಡಕ್ಕಿಂತ ದೊಡ್ಡದು. ಪ್ರಾಚೀನ ಸಂಗಂ ಕಾಲದ ತಮಿಳು ಕವಿತೆಯೊಂದಿದೆ. ಕಾರ್ಗಾಲಕ್ಕೆ ಬರುತ್ತೇನೆಂದವನು ಬಂದಿಲ್ಲ, ಕಕ್ಕೆಮರ ಮಾತ್ರ ಹೂ ಬಿಟ್ಟಿದೆ. ಕಾಯುತ್ತಿರುವವಳಿಗೆ ಗೆಳತಿ ಸಮಾಧಾನ ಹೇಳುತ್ತಾಳೆ: ಈ ಮರಗಳು ಪೆದ್ದು, ಅಕಾಲದ ಮಳೆಯನ್ನೇ ಕಾರ್ಗಾಲವೆಂದು ನಂಬಿ ಹೂ ಬಿಟ್ಟಿವೆ. ಅವನ ಮಾತನ್ನು ಉಳಿಸಲು ಋತುವನ್ನೇ ಸುಳ್ಳು ಮಾಡುತ್ತಾಳೆ! ಇಂಥದ್ದನ್ನು ಓದಿದ ಮೇಲೆ ಸುಮ್ಮನೆ ಸುರಿಯುವ ಮಳೆಯನ್ನು ನಾನು ಹೇಗೆ ಸಹಿಸಲಿ?

ನನ್ನ ಸಿಡುಕಿಗೆ ಬೇರೆ ಕಾರಣವೂ ಇದೆ. ಇಪ್ಪತ್ತಮೂರರ ವಯಸ್ಸಿನಲ್ಲಿ ನಾನು ಅಣ್ಣನ ಬಗ್ಗೆ ಬರೆದೆ. ಅವನು ಮನೆ ಬಿಟ್ಟದ್ದು ಅಂಗಳದಲ್ಲಿ ಬರಿಗಾಲು ಊರಲಾಗದಂಥ ಸುಡು ಮಧ್ಯಾಹ್ನದಲ್ಲಿ. ಸಂಪಾದಕರೊಬ್ಬರು, 'ಬಿಸಿಲಿಗೆ ಭಾವ ಕೂಡುವುದಿಲ್ಲ, ಮಳೆ ತನ್ನಿ' ಎಂದರು. ನಾನು ಮಳೆಯನ್ನು ತಂದೆ. ಓದಿದಲ್ಲೆಲ್ಲ ಜನ ಮೆಚ್ಚಿದರು, ನಾನೂ ಹಿಗ್ಗಿದೆ. ಆ ಸಂಪಾದಕರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ, ಆದರೆ ಬರೆದ ಕೈ ನನ್ನದೇ. ವರ್ಷಗಟ್ಟಲೆ ಅದನ್ನೇ ಓದಿ ಓದಿ, ಈಗ ಅಣ್ಣನನ್ನು ನೆನೆದರೆ ಅವನು ಮಳೆಯಲ್ಲೇ ನಡೆದು ಹೋಗುತ್ತಾನೆ. ಬಿಸಿಲಿತ್ತೆಂದು ಗೊತ್ತು, ಕಾಣುವುದಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಒಮ್ಮೆ ಹಿಂದಿರುಗಿ ನೋಡಿದನೇ? ಅಂಥ ಬಿಸಿಲಿನಲ್ಲಿ ನೋಡಿದ್ದರೆ ಕೈ ಅಡ್ಡ ಹಿಡಿದೇ ಇರಬೇಕು. ಆ ಮುಖ ನನ್ನ ಬಳಿ ಇಲ್ಲ. ಅವನು ಮತ್ತೆ ಬರಲೂ ಇಲ್ಲ.

ಕಣ್ಣು ತುಂಬಿದ್ದು ಎಲ್ಲಿ ಎಂದು ಹೇಳಲಿಲ್ಲ. ಹದಿನೇಳನೆಯ ಪುಟದಲ್ಲಿ. ಮೊದಲ ಮಳೆಗೆ ನೀನು ಕೊಡೆ ಬಿಚ್ಚುತ್ತೀಯ. ಮುರಿದ ಕಡ್ಡಿಗೆ ಅಪ್ಪ ಹಸಿರು ದಾರ ಸುತ್ತಿ ಹಾಕಿದ ಗಂಟು ಹಾಗೆಯೇ ಇದೆ. ತಿಂಗಳುಗಟ್ಟಲೆ ಮಡಚಿಟ್ಟಿದ್ದ ಕೊಡೆಯನ್ನು ಹೊರಗೆ ತೆಗೆಸಿದ್ದು ಮಳೆ. ಇಲ್ಲಿ ಅದಕ್ಕೆ ಕೆಲಸವಿದೆ. ಕಾಲ ಬದಲಾದಾಗ ಕೊಡೆ, ಉಣ್ಣೆಯಂಗಿ, ಬೀಸಣಿಗೆ ಒಂದೊಂದೇ ಕಪಾಟಿನಿಂದ ಹೊರಬರುತ್ತವೆ, ಹೋದವರು ಮಡಚಿಟ್ಟ ಮಡಿಕೆ ಇನ್ನೂ ಬಿಚ್ಚಿರುವುದಿಲ್ಲ. ಇದೆಲ್ಲ ಗೊತ್ತಿದ್ದ ಹುಡುಗಿ ನೀನು, ಎರಡೇ ಸಾಲಿನಲ್ಲಿ ಕೊಡೆ ಮಡಚಿ ಮತ್ತೆ ಮೋಡದ ಹಿಂದೆ ಓಡಿದ್ದೀಯಲ್ಲ!

ಆ ಕೊಡೆಯನ್ನು ಇನ್ನೊಮ್ಮೆ ಬಿಚ್ಚಿಕೊಂಡು ಕುಳಿತುಕೋ. ದಾರ ಎಷ್ಟು ಸುತ್ತು ಬಂದಿದೆ, ತುದಿಯನ್ನು ಕತ್ತರಿಯಿಂದ ಕತ್ತರಿಸಿದ್ದಾರೋ ಹಲ್ಲಿನಿಂದ ಕಡಿದಿದ್ದಾರೋ, ನೋಡಿ ನನಗೆ ಬರೆ. ಬೇರೇನನ್ನೂ ಈಗ ಕಳಿಸಬೇಡ. ಕೊಡೆಯನ್ನು ರಿಪೇರಿಗೆ ಮಾತ್ರ ಕೊಡಬೇಡ.

ನಿನ್ನ ಅಕ್ಕ